ಹೊಗೆಯೋ, ಹಬೆಯೋ, ಧೂಳೋ? ಬಾಲ ಬಿಡುವ ಕ್ಷುದ್ರಗ್ರಹಗಳ ಲೆಕ್ಕ

ಪಾಂಡವಪುರದ ಹತ್ತಿರ ನಮ್ಮ ಸೋದರಮಾವನ ಊರು. ಕಬ್ಬು ಕಡಿಯುವ ಕಾಲದಲ್ಲಿ ಅಲ್ಲಿಗೆ ಹೋದರೆ ಬೆಳಗಿನ ಜಾವ ಗದ್ದೆಯ ಆಚೆ ಬೆಳ್ಳಗೆ ಏನೋ ಮೇಲೇಳುತ್ತಿರುತ್ತದೆ. ಒಮ್ಮೆ ನಾನು "ಆಲೆಮನೆ ಹೊಗೆ ಜೋರಾಗಿದೆ" ಎಂದೆ. ಮಾವ ನಕ್ಕರು. "ಅದು ಹೊಗೆ ಅಲ್ಲ ಕಣ್ಲಾ, ಹಬೆ. ಕೊಪ್ಪರಿಗೆ ಕುದೀತಾ ಅದೆ. ಹೊಗೆ ಆ ಕಡೆ ಚಿಮಣಿದು, ಕರ್ರಗಿರ್ತದೆ ನೋಡು" ಎಂದರು. ಅಷ್ಟರಲ್ಲಿ ಮಣ್ಣುದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಾದುಹೋಯಿತು. ಅದರ ಹಿಂದೆ ಇನ್ನೊಂದು ಬೆಳ್ಳನೆ ಬಾಲ. ಅದು ಬರೀ ಧೂಳು. ಅರ್ಧ ಮೈಲಿ ದೂರದಿಂದ ನೋಡಿದರೆ ಮೂರೂ ಹೆಚ್ಚುಕಡಿಮೆ ಒಂದೇ ಥರ.

ಇದೇ ತಾಪತ್ರಯ ಈಗ ಖಗೋಳ ವಿಜ್ಞಾನಿಗಳದ್ದೂ ಹೌದು. ಅವರು ನೋಡುತ್ತಿರುವುದು ಅರ್ಧ ಮೈಲಿ ದೂರದ ಆಲೆಮನೆಯನ್ನಲ್ಲ, 30 ಕೋಟಿ ಕಿ.ಮೀ. ಆಚೆಯ ಕಲ್ಲುಬಂಡೆಗಳನ್ನು. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿ ಲಕ್ಷಾಂತರ ಕ್ಷುದ್ರಗ್ರಹಗಳು ಸುತ್ತುತ್ತಿವೆ. ಲೆಕ್ಕಕ್ಕೆ ಸಿಕ್ಕವೇ ಹದಿನಾಲ್ಕು ಲಕ್ಷಕ್ಕಿಂತ ಜಾಸ್ತಿ. ಬಹುತೇಕ ಎಲ್ಲವೂ ತಣ್ಣಗಿರುವ ಕಲ್ಲುಗಳು. ಆದರೆ ಅವುಗಳಲ್ಲಿ ಬೆರಳೆಣಿಕೆಯಷ್ಟು ಆಗೊಮ್ಮೆ ಈಗೊಮ್ಮೆ ಬಾಲ ಬಿಡುತ್ತವೆ. ಇವನ್ನು 'ಆಕ್ಟಿವ್ ಆಸ್ಟರಾಯ್ಡ್' ಎನ್ನುತ್ತಾರೆ. ನಾವು ಕ್ರಿಯಾಶೀಲ ಕ್ಷುದ್ರಗ್ರಹ ಎನ್ನಬಹುದು.

ಇಂಥ ಸುದ್ದಿ ಬಂದಾಗಲೆಲ್ಲ 'ಕ್ಷುದ್ರಗ್ರಹದಲ್ಲಿ ನೀರು ಪತ್ತೆ!' ಎಂಬ ತಲೆಬರಹ ಮೊಬೈಲಿನಲ್ಲಿ ಓಡಾಡುತ್ತದೆ. ನಾನೂ ಅದನ್ನು ಫಾರ್ವರ್ಡ್ ಮಾಡಿದವನೇ. ಆದರೆ ಒಂದೊಂದು ಸುದ್ದಿಯನ್ನೂ ಬಿಡಿಸಿ ನೋಡಿದರೆ ಒಂದರಲ್ಲಿ ಕಂಡಿದ್ದು ಧೂಳು, ಇನ್ನೊಂದರಲ್ಲಿ ಬಣ್ಣ, ಮತ್ತೊಂದರಲ್ಲಿ ಹಬೆ. ಧೂಳು ಕಂಡರೆ ನೀರು ಕಂಡಂತಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ ಈ ಸುದ್ದಿಗಳೆಲ್ಲ ಬೇರೆಯೇ ಆಗಿ ಕಾಣುತ್ತವೆ.

ಚುಕ್ಕಿಗೆ ಬಾಲ ಬಂದ ವರ್ಷ

1979ರಲ್ಲೇ ಒಂದು ಕ್ಷುದ್ರಗ್ರಹ ಫೋಟೋದಲ್ಲಿ ಸಿಕ್ಕಿತ್ತು. ಸುಮ್ನೆ ಒಂದು ಚುಕ್ಕಿ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1996ರಲ್ಲಿ ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದ ಚಿತ್ರಗಳಲ್ಲಿ ಎರಿಕ್ ಎಲ್ಸ್ಟ್ ಮತ್ತು ಗೀಡೊ ಪಿಜಾರೊ ಅದಕ್ಕೆ ತೆಳ್ಳನೆ ಬಾಲ ಇರುವುದನ್ನು ಕಂಡರು. ಕಕ್ಷೆ ನೋಡಿದರೆ ಪಕ್ಕಾ ಕ್ಷುದ್ರಗ್ರಹ. ಚಹರೆ ನೋಡಿದರೆ ಧೂಮಕೇತು. ಯಾವ ಪಟ್ಟಿಗೆ ಸೇರಿಸುವುದು? ಕೊನೆಗೆ ಎರಡಕ್ಕೂ ಸೇರಿಸಿದರು. ಕ್ಷುದ್ರಗ್ರಹ 7968 ಎಂದೂ ಅದೇ, ಧೂಮಕೇತು 133ಪಿ ಎಂದೂ ಅದೇ.

ಧೂಮಕೇತು ಎಂಬ ಹೆಸರೇ ಒಂದು ತಮಾಷೆ. ಹೊಗೆಯ ಬಾವುಟ ಎಂದು ಅದರ ಅರ್ಥ. ಆದರೆ ಅಲ್ಲಿ ಹೊಗೆಯೇ ಇಲ್ಲ. ಇರುವುದು ಹಬೆ ಮತ್ತು ಧೂಳು. ಹಳ್ಳಿಯವರ 'ಬಾಲಚುಕ್ಕಿ'ಯೇ ಹೆಚ್ಚು ಪ್ರಾಮಾಣಿಕ ಹೆಸರು ಅಂತ ನನಗನ್ನಿಸುತ್ತದೆ. ಕಂಡಿದ್ದನ್ನಷ್ಟೇ ಹೇಳುತ್ತದೆ, ಕಾರಣ ಹೇಳಲು ಹೋಗುವುದಿಲ್ಲ.

ಈ ಬಾಲವನ್ನು ಹಿಡಿಯುವುದು ಎಷ್ಟು ಕಷ್ಟ? 133ಪಿ ಸುಮಾರು 4 ಕಿ.ಮೀ. ಅಗಲದ ಕಲ್ಲು. 30 ಕೋಟಿ ಕಿ.ಮೀ. ದೂರದಿಂದ ಅದನ್ನು ನೋಡುವುದೆಂದರೆ ದೆಹಲಿಯಲ್ಲಿಟ್ಟ ಹತ್ತು ರೂಪಾಯಿ ನಾಣ್ಯವನ್ನು ಮೈಸೂರಿನಿಂದ ನೋಡಿದಷ್ಟೇ ಸಣ್ಣದು. ಯಾವ ಟೆಲಿಸ್ಕೋಪಿಗೂ ಅದರ ಆಕಾರ ಕಾಣುವುದಿಲ್ಲ. ಹೊಳಪೋ, ಬರಿಗಣ್ಣಿಗೆ ಕಾಣುವ ಅತಿ ಮಸುಕು ನಕ್ಷತ್ರಕ್ಕಿಂತ ಲಕ್ಷಗಟ್ಟಲೆ ಪಟ್ಟು ಕಡಿಮೆ. ದಸರಾ ದೀಪಗಳ ನಡುವೆ ಚಾಮುಂಡಿ ಬೆಟ್ಟದ ಮೇಲೆ ನಿಂತು ಹುಡುಕುವ ವಸ್ತು ಇದಲ್ಲ. ನನ್ನ ಹತ್ತಿರ ಇರುವ ಪುಟ್ಟ ಟೆಲಿಸ್ಕೋಪಿನಲ್ಲಿ ವೆಸ್ಟಾ ಎಂಬ ದೊಡ್ಡ ಕ್ಷುದ್ರಗ್ರಹವೇ ಒಂದು ಚುಕ್ಕಿ. ಎರಡು ರಾತ್ರಿ ನೋಡಿ, ಜಾಗ ಬದಲಾಗಿದ್ದನ್ನು ಗುರುತು ಹಾಕಿಕೊಂಡು, 'ಹಾಂ, ಇದೇ' ಎಂದು ಖುಷಿಪಡಬೇಕು.

ಹಾಗಾಗಿ ವಿಜ್ಞಾನಿಗಳು ಕಲ್ಲನ್ನು ನೋಡುವುದಿಲ್ಲ, ಕಲ್ಲಿನ ಸುತ್ತ ಇರುವ ಬೆಳಕನ್ನು ನೋಡುತ್ತಾರೆ. ಕ್ಷುದ್ರಗ್ರಹ ನಕ್ಷತ್ರಗಳ ನಡುವೆ ನಿಧಾನವಾಗಿ ಜರುಗುತ್ತಿರುತ್ತದೆ. ಹತ್ತಾರು ಫೋಟೋ ತೆಗೆದು, ಪ್ರತಿಯೊಂದನ್ನೂ ಅದು ಜರುಗಿದಷ್ಟೇ ಸರಿಸಿ ಒಂದರ ಮೇಲೊಂದು ಇಡುತ್ತಾರೆ. ಆಗ ನಕ್ಷತ್ರಗಳು ಗೆರೆಯಾಗುತ್ತವೆ, ಕ್ಷುದ್ರಗ್ರಹ ಚುಕ್ಕಿಯಾಗಿ ಉಳಿಯುತ್ತದೆ, ಒಂದೊಂದು ಫೋಟೋದಲ್ಲಿ ಕಾಣದಷ್ಟು ತೆಳುವಾದ ಧೂಳು ಒಟ್ಟುಗೂಡಿ ಮೇಲೆ ಬರುತ್ತದೆ. ಆಮೇಲೆ ಅಷ್ಟೇ ಹೊಳಪಿನ ಒಂದು ನಕ್ಷತ್ರದ ಪಕ್ಕ ಅದನ್ನಿಟ್ಟು ಹೋಲಿಸುತ್ತಾರೆ. ನಕ್ಷತ್ರದ ಚುಕ್ಕಿ ನಮ್ಮ ಗಾಳಿಯಿಂದ ಎಷ್ಟು ಹರಡಬೇಕೋ ಅಷ್ಟು ಹರಡಿರುತ್ತದೆ. ಕ್ಷುದ್ರಗ್ರಹದ್ದು ಅದಕ್ಕಿಂತ ಒಂಚೂರು ಜಾಸ್ತಿ ಹರಡಿದ್ದರೆ ಸುತ್ತ ಏನೋ ಇದೆ ಎಂದರ್ಥ. ಇನ್ನೊಂದು ದಾರಿ ಹೊಳಪಿನ ಲೆಕ್ಕ. ಇಂಥ ದಿನ ಇಷ್ಟು ಹೊಳೆಯಬೇಕು ಎಂದು ಮೊದಲೇ ಲೆಕ್ಕ ಹಾಕಬಹುದು. ಅದಕ್ಕಿಂತ ಎರಡು ಪಟ್ಟು ಹೊಳೆದರೆ ಧೂಳು ಎದ್ದಿದೆ ಎಂಬ ಅನುಮಾನ.

ಕಣದಲ್ಲಿ ತೂರಿದ ಹಾಗೆ

ಧೂಳು ಕಂಡಿತು ಅಂದುಕೊಳ್ಳಿ. ಮುಂದಿನ ಪ್ರಶ್ನೆ, ಎದ್ದಿದ್ದು ಯಾಕೆ? ಈ ಇಡೀ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ.

ಕಣದಲ್ಲಿ ರಾಗಿ ತೂರುವುದನ್ನು ನೋಡಿದ್ದೀರಲ್ಲ. ಮೊರದಿಂದ ಎಲ್ಲವೂ ಒಟ್ಟಿಗೇ ಬೀಳುತ್ತದೆ. ಗಾಳಿ ಹೊಟ್ಟನ್ನು ದೂರಕ್ಕೆ ಒಯ್ಯುತ್ತದೆ, ಕಾಳು ಕಾಲ ಬುಡದಲ್ಲೇ ರಾಶಿಯಾಗುತ್ತದೆ. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ. ಆ ಕೆಲಸವನ್ನು ಬಿಸಿಲೇ ಮಾಡುತ್ತದೆ. ಬೆಳಕಿಗೂ ತಳ್ಳುವ ಶಕ್ತಿ ಇದೆ. ತೀರಾ ಕಡಿಮೆ, ಆದರೆ ಸಣ್ಣ ಧೂಳಿನ ಕಣಕ್ಕೆ ಅಷ್ಟು ಸಾಕು. ನಯವಾದ ಕಣ ಬೇಗ ದೂರ ಹೋಗುತ್ತದೆ, ಮರಳಿನಷ್ಟು ದಪ್ಪದ್ದು ಹತ್ತಿರದಲ್ಲೇ ತೇಲುತ್ತದೆ. ಹಾಗಾಗಿ ಬಾಲದ ಉದ್ದ, ದಿಕ್ಕು, ಬಾಗು ಈ ಮೂರನ್ನು ಅಳೆದರೆ ಧೂಳು ಯಾವತ್ತು ಎದ್ದಿತು, ಕಣ ಎಷ್ಟು ದಪ್ಪ, ಒಂದೇ ಸಲ ಎದ್ದಿತೋ ತಿಂಗಳುಗಟ್ಟಲೆ ಏಳುತ್ತಲೇ ಇತ್ತೋ ಎಲ್ಲವನ್ನೂ ಹಿಂದಕ್ಕೆ ಲೆಕ್ಕ ಹಾಕಬಹುದು.

ಒಂದೇ ಸಲ ಎದ್ದಿದ್ದರೆ ಮೊದಲ ಅನುಮಾನ ಡಿಕ್ಕಿಯ ಮೇಲೆ. 2010ರ ಡಿಸೆಂಬರಿನಲ್ಲಿ ಶೀಲಾ ಎಂಬ ಕ್ಷುದ್ರಗ್ರಹ ಇದ್ದಕ್ಕಿದ್ದಂತೆ ಹೊಳೆಯಿತು. (ಹೌದು, ನಮ್ಮೂರ ಹೆಸರಿನ ಥರವೇ ಕೇಳಿಸುತ್ತದೆ. ಆದರೆ ಅದು ಜರ್ಮನಿಯಲ್ಲಿ ಇಟ್ಟ ಹೆಸರು.) ನೂರು ಕಿ.ಮೀ.ಗಿಂತ ದೊಡ್ಡ ಬಂಡೆ ಅದು. ಹಬಲ್ ಮತ್ತು ಸ್ವಿಫ್ಟ್ ದೂರದರ್ಶಕಗಳು ನೋಡಿದಾಗ ಧೂಳು ಮಾತ್ರ ಸಿಕ್ಕಿತು, ಅನಿಲದ ಸುಳಿವಿಲ್ಲ. ಕೆಲವೇ ವಾರಗಳಲ್ಲಿ ಎಲ್ಲ ಕರಗಿಹೋಯಿತು. ಸುಮಾರು 35 ಮೀಟರಿನ ಒಂದು ಕಲ್ಲು ಬಂದು ಬಡಿದಿರಬೇಕು ಎಂಬುದು ಲೆಕ್ಕ. ಟ್ರ್ಯಾಕ್ಟರ್ ಒಂದು ಸಲ ಹೋಯಿತು, ಧೂಳು ಎದ್ದಿತು, ಕೂತಿತು. ಅಷ್ಟೇ.

ಇಂಥ ಊಹೆಯನ್ನು ಪರೀಕ್ಷೆಗೆ ಒಡ್ಡುವ ಅವಕಾಶ 2022ರಲ್ಲಿ ಸಿಕ್ಕಿತು. ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆಯಿತು. ಎರಡು ದಿನದಲ್ಲಿ ಅದಕ್ಕೆ 10,000 ಕಿ.ಮೀ.ಗಿಂತ ಉದ್ದದ ಬಾಲ. ಭೂಮಿಯನ್ನು ಕಾಪಾಡುವ ಪ್ರಯೋಗ ಎಂದೇ ಎಲ್ಲರೂ ಬರೆದರು, ಅದು ನಿಜವೂ ಹೌದು. ಆದರೆ ಬಾಲ ಓದುವವರಿಗೆ ಅದು ಬೇರೆಯದೇ ಉಡುಗೊರೆ. ಯಾವ ಗಳಿಗೆಯಲ್ಲಿ, ಎಷ್ಟು ಭಾರದ ವಸ್ತು, ಎಷ್ಟು ವೇಗದಲ್ಲಿ ಬಡಿಯಿತು ಎಂಬುದೆಲ್ಲ ಗೊತ್ತಿರುವ ಒಂದು ಬಾಲ ಅವರಿಗೆ ಸಿಕ್ಕಿತು. ಉತ್ತರ ಮೊದಲೇ ಗೊತ್ತಿರುವ ಲೆಕ್ಕ.

ಗಾಲ್ಟ್‌ನ ಗಿರಗಿಟ್ಲೆ

ಎರಡನೇ ಅನುಮಾನ ಸುಲಭಕ್ಕೆ ತೋಚುವುದಲ್ಲ. ಗಾಲ್ಟ್ ಎಂಬ ಸುಮಾರು 4 ಕಿ.ಮೀ.ಯ ಕ್ಷುದ್ರಗ್ರಹ 1988ರಿಂದ ಗೊತ್ತಿತ್ತು. 2019ರ ಜನವರಿಯಲ್ಲಿ ಅಟ್ಲಾಸ್ ಸಮೀಕ್ಷೆಯ ಚಿತ್ರಗಳಲ್ಲಿ ಅದಕ್ಕೆ ಬಾಲ ಕಂಡಿತು. ಸ್ವಲ್ಪ ದಿನಕ್ಕೆ ಎರಡನೇ ಬಾಲವೂ ಬಂತು. ಮೊದಲನೆಯದರ ಉದ್ದ 8 ಲಕ್ಷ ಕಿ.ಮೀ. ಅಂದರೆ ಭೂಮಿಯಿಂದ ಚಂದ್ರನಿಗೆ ಹೋಗಿ ಬರುವಷ್ಟು. ಕಣದ ಲೆಕ್ಕ ಹಾಕಿದರು. ಒಂದು ಬಾಲ 2018ರ ಅಕ್ಟೋಬರ್ 28ರ ಆಸುಪಾಸು, ಇನ್ನೊಂದು ಡಿಸೆಂಬರ್ 30ರ ಆಸುಪಾಸು ಹೊರಟಿದ್ದು. ಎರಡು ತಿಂಗಳಲ್ಲಿ ಎರಡು ಸಲ! ಒಂದೇ ಬಂಡೆಗೆ ಎರಡು ಸಲ ಡಿಕ್ಕಿ ಎನ್ನುವುದು ನಂಬುವ ಮಾತಲ್ಲ. ಮಂಜುಗಡ್ಡೆ ಎನ್ನೋಣವೆಂದರೆ ಗಾಲ್ಟ್ ಇರುವುದು ಪಟ್ಟಿಯ ಒಳ ಅಂಚಿನಲ್ಲಿ, ಸೂರ್ಯನ ಕಡೆಗೆ. ಅಲ್ಲಿ ಐಸ್ ಉಳಿಯುವುದು ಕಷ್ಟ.

ಉತ್ತರ ಸಿಕ್ಕಿದ್ದು ಅದರ ತಿರುಗಾಟದಲ್ಲಿ. ಮೇಲುಕೋಟೆ ಜಾತ್ರೆಯಲ್ಲಿ ಮಾರುವ ಕಾಗದದ ಗಿರಗಿಟ್ಲೆ ಗಾಳಿಗೆ ತಿರುಗುವಂತೆ ಸೊಟ್ಟ ಆಕಾರದ ಕ್ಷುದ್ರಗ್ರಹ ಬಿಸಿಲಿಗೆ ತಿರುಗುತ್ತದೆ. ಬಿಸಿಯಾದ ಮೈ ಶಾಖವನ್ನು ಹೊರಗೆ ಬಿಡುವಾಗ ಸಣ್ಣ ಎದುರು ತಳ್ಳು ಸಿಗುತ್ತದೆ. ಮೈ ಸೊಟ್ಟಗಿದ್ದರೆ ಎಲ್ಲ ಕಡೆಯ ತಳ್ಳು ಸಮ ಆಗುವುದಿಲ್ಲ. ಹತ್ತು ಸಾವಿರ ವರ್ಷಕ್ಕೆ ಒಂದು ಸುತ್ತಿನ ಕಾಲ ಒಂದು ಸೆಕೆಂಡು ಬದಲಾದೀತು, ಅಷ್ಟೇ. ಆದರೆ ಕೋಟಿಗಟ್ಟಲೆ ವರ್ಷ ಹೀಗೇ ನಡೆದರೆ? ಇಂಥ ಕ್ಷುದ್ರಗ್ರಹಗಳು ಗಟ್ಟಿ ಬಂಡೆಗಳೂ ಅಲ್ಲ, ಜಲ್ಲಿಯ ರಾಶಿ ಇದ್ದ ಹಾಗೆ. ಸುಮಾರು ಎರಡು ಗಂಟೆಗೆ ಒಂದು ಸುತ್ತು ಎನ್ನುವಷ್ಟು ಜೋರಾದರೆ ರಾಗಿಕಲ್ಲಿನ ಅಂಚಿಗೆ ಹಿಟ್ಟು ಬಂದು ಉದುರುವಂತೆ ಮೇಲ್ಮೈಯ ಮಣ್ಣು ಹೊರಗೆ ಜಾರತೊಡಗುತ್ತದೆ.

ಗಾಲ್ಟ್ ಅಷ್ಟು ಜೋರಾಗಿ ಸುತ್ತುತ್ತಿದೆಯೇ ಎಂದು ಅಳೆದವರಲ್ಲಿ ನಮ್ಮವರೂ ಇದ್ದರು. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಭಾರತೀಯ ಖಭೌತ ಸಂಸ್ಥೆಯದ್ದು. ಅದನ್ನು ನಡೆಸುವವರು ಕೂರುವುದು ಲಡಾಖಿನಲ್ಲಲ್ಲ, ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಉಪಗ್ರಹ ಸಂಪರ್ಕದ ಮೂಲಕ ಅಲ್ಲಿಂದಲೇ ತಿರುಗಿಸುತ್ತಾರೆ. ಇದರ ಮತ್ತು ಸ್ಪೇನಿನ ದ್ವೀಪಗಳಲ್ಲಿರುವ ದೂರದರ್ಶಕಗಳ ಅಳತೆ ಸೇರಿಸಿ ಸುಮಾರು ಎರಡು ಗಂಟೆ ಎಂಬ ಲೆಕ್ಕ ಮೊದಲು ಬಂತು. ಆಮೇಲಿನ ಅಳತೆಗಳು ಎರಡೂವರೆ ಗಂಟೆ ಎಂದವು. ಆದರೂ ಅದು ಅಂಚಿನಲ್ಲೇ ನಿಂತಿರುವ ಕಲ್ಲು. ಹಳೆಯ ಫೋಟೋಗಳನ್ನು ಕೆದಕಿದಾಗ 2013ರಲ್ಲೂ ಅದು ಧೂಳು ಬಿಟ್ಟಿದ್ದು ಸಿಕ್ಕಿತು. ಆರು ವರ್ಷ ಯಾರೂ ನೋಡಿರಲಿಲ್ಲ. ಫೋಟೋ ಮಾತ್ರ ಅಲ್ಲೇ ಇತ್ತು.

ಹಾನ್ಲೆಯಂಥ ಜಾಗಕ್ಕೆ ಇನ್ನೊಂದು ಅನುಕೂಲ ಇದೆ. ಹವಾಯಿ, ಚಿಲಿ, ಸ್ಪೇನಿನ ದೂರದರ್ಶಕಗಳಿಗೆಲ್ಲ ಹಗಲಿರುವ ಹೊತ್ತಿನಲ್ಲಿ ನಮ್ಮಲ್ಲಿ ರಾತ್ರಿ ಇರುತ್ತದೆ. ಎರಡು ಗಂಟೆಗೊಮ್ಮೆ ಸುತ್ತುವ ಕಲ್ಲನ್ನು ಬಿಡದೆ ನೋಡಬೇಕಾದರೆ ಭೂಮಿಯ ಈ ಬದಿಯಲ್ಲೂ ಒಂದು ಕಣ್ಣು ಬೇಕು. ಎರಡೇ ಮೀಟರಿನ ಕನ್ನಡಿ, ದೊಡ್ಡದೇನಲ್ಲ. ಈ ಕೆಲಸಕ್ಕೆ ಜಾಗ ಮತ್ತು ಸಮಯ ಕನ್ನಡಿಯಷ್ಟೇ ಮುಖ್ಯ.

ಮಾವ ಹಾಕಿದ ಪಟ್ಟು

ಇನ್ನು ಮಂಜುಗಡ್ಡೆ. ಅದನ್ನು ಗುರುತಿಸಲು ವಿಜ್ಞಾನಿಗಳು ಬಹಳ ಕಾಲ ನೆಚ್ಚಿಕೊಂಡಿದ್ದು ಕ್ಯಾಲೆಂಡರನ್ನು. 133ಪಿ ಸೂರ್ಯನ ಸುತ್ತ ಒಂದು ಸಲ ಬರಲು ಸುಮಾರು 5.6 ವರ್ಷ ಬೇಕು. 1996ರಲ್ಲಿ ಬಾಲ ಕಂಡಿತ್ತು. 2002ರಲ್ಲಿ ಹೆನ್ರಿ ಶೇ ಮತ್ತು ಡೇವಿಡ್ ಜೂವಿಟ್ ಹವಾಯಿಯಿಂದ ನೋಡಿದಾಗ ಮತ್ತೆ ಬಾಲ. 2007ರಲ್ಲಿ ಮತ್ತೆ. 2013ರಲ್ಲಿ ಮತ್ತೆ. ಪ್ರತಿ ಸಲವೂ ಸೂರ್ಯನಿಗೆ ಹತ್ತಿರ ಬಂದ ಆಸುಪಾಸಿನಲ್ಲೇ. ಡಿಕ್ಕಿ ಹೀಗೆ ವೇಳಾಪಟ್ಟಿ ಇಟ್ಟುಕೊಂಡು ಆಗುವುದಿಲ್ಲ. ಬಿಸಿಲು ತಾಗಿದಾಗ ಆವಿಯಾಗುವ ಐಸ್ ಇದ್ದರೆ ಮಾತ್ರ ಹೀಗಾಗಬಹುದು. 2006ರಲ್ಲಿ ಇವರಿಬ್ಬರೂ ಇಂಥ ಮೂರು ಕಾಯಗಳನ್ನು ಮುಂದಿಟ್ಟು, ಕ್ಷುದ್ರಗ್ರಹ ಪಟ್ಟಿಯಲ್ಲೇ ಹುಟ್ಟಿದ ಧೂಮಕೇತುಗಳ ಒಂದು ಕುಲವೇ ಇದೆ ಎಂದರು.

ಐಸ್ ಅಲ್ಲಿ 450 ಕೋಟಿ ವರ್ಷ ಉಳಿದಿದ್ದು ಹೇಗೆ? ಫ್ರಿಜ್ ಇಲ್ಲದ ಕಾಲದಲ್ಲಿ ಸೋಡಾ ಅಂಗಡಿಗೆ ತಂದ ಐಸ್ ದಿಮ್ಮಿಯನ್ನು ಮರದ ಹೊಟ್ಟಿನಲ್ಲಿ ಹೂತು ಗೋಣಿಚೀಲ ಹೊದಿಸುತ್ತಿದ್ದರು. ಕ್ಷುದ್ರಗ್ರಹದಲ್ಲಿ ಹೊಟ್ಟಿನ ಬದಲು ಧೂಳು. ಪಟ್ಟಿಯ ಹೊರ ಅಂಚಿನಲ್ಲಿ ಕೆಲವೇ ಮೀಟರ್ ಧೂಳಿನ ಹೊದಿಕೆ ಇದ್ದರೂ ಒಳಗಿನ ಐಸ್ ಅಷ್ಟು ಕಾಲ ತಡೆಯಬಲ್ಲದು. ಯಾವುದೋ ಸಣ್ಣ ಕಲ್ಲು ಬಡಿದು ಹೊದಿಕೆ ಕಿತ್ತುಹೋದರೆ ಅಷ್ಟು ಜಾಗದಲ್ಲಿ ಐಸ್ ಹೊರಗೆ ಬಂದು ಹಬೆಯಾಡತೊಡಗುತ್ತದೆ.

ಇದನ್ನೆಲ್ಲ ಜಗಲಿಯಲ್ಲಿ ಕೂತು ಮಾವನಿಗೆ ಹೇಳುತ್ತಿದ್ದೆ. ಆಲೆಮನೆ ಹಬೆ ಪ್ರತಿ ವರ್ಷ ಕಬ್ಬಿನ ಕಾಲಕ್ಕೇ ಏಳುವ ಹಾಗೆ, ಅದಕ್ಕೇ ಅದು ಹಬೆ ಅಂತ ಗೊತ್ತಾಗುತ್ತದೆ ಎಂದೆ. ಮಾವ ಎಲೆ ಅಡಿಕೆ ಹಾಕಿಕೊಂಡು, "ಟ್ರ್ಯಾಕ್ಟ್ರೂ ಕಬ್ಬಿನ ಕಾಲಕ್ಕೇ ಬತ್ತದಲ್ಲಾ. ಅದ್ರ ಧೂಳೂ ವರ್ಸಾ ವರ್ಸಾ ಏಳ್ತದೆ" ಎಂದರು.

ನಾನು ಸುಮ್ಮನಾದೆ. ಯಾಕೆಂದರೆ ಇದೇ ಆಕ್ಷೇಪಕ್ಕೆ ಆಕಾಶದಲ್ಲಿ ಒಂದು ಜೀವಂತ ಉದಾಹರಣೆ ಇದೆ. ಅದರ ಹೆಸರು ಫೇಥಾನ್. ಪ್ರತಿ ವರ್ಷ ಡಿಸೆಂಬರ್ 14ರ ಆಸುಪಾಸಿನ ರಾತ್ರಿ ಊರಾಚೆ ಹೋಗಿ ಮಲಗಿದರೆ ಕಾಣುವ ಜೆಮಿನಿಡ್ ಉಲ್ಕೆಗಳು ಇದರದ್ದೇ ಚೂರುಗಳು. ಇದೂ ಸೂರ್ಯನ ಹತ್ತಿರ ಬಂದಾಗಲೆಲ್ಲ ಹೊಳೆದು ಪುಟ್ಟ ಬಾಲ ಬಿಡುತ್ತದೆ, ತಪ್ಪದೆ. ಹಾಗಾದರೆ ಐಸ್ ಇರಬೇಕಲ್ಲವೇ? ಇಲ್ಲ. ಅದು ಸೂರ್ಯನಿಗೆ ಎರಡು ಕೋಟಿ ಕಿ.ಮೀ. ಹತ್ತಿರ ಹೋಗುತ್ತದೆ. ಮೇಲ್ಮೈ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಲ್ಲಿ ಐಸ್ ಮಾತೇ ಬೇಡ. ಧೂಳು ಎಂದು ಎಲ್ಲರೂ ಅಂದುಕೊಂಡಿದ್ದರು. 2023ರಲ್ಲಿ ಸೋಹೊ ಎಂಬ ಸೂರ್ಯವೀಕ್ಷಕ ನೌಕೆಯ ಚಿತ್ರಗಳನ್ನು ಬೇರೆ ಬೇರೆ ಬಣ್ಣದ ಸೋಸುಗಗಳಲ್ಲಿ ನೋಡಿದಾಗ ಬಾಲ ಕಂಡಿದ್ದು ಸೋಡಿಯಂ ಹೊಳೆಯುವ ಕಿತ್ತಳೆ ಬಣ್ಣದಲ್ಲಿ ಮಾತ್ರ. ಧೂಳು ಹೊಳೆಯಬೇಕಾದ ಬಣ್ಣದಲ್ಲಿ ಇಲ್ಲವೇ ಇಲ್ಲ. ಹಳೆಯ ಬೀದಿದೀಪದ ಹಳದಿ ಬೆಳಕಿಗೆ ಕಾರಣವಾದ ಅದೇ ಸೋಡಿಯಂ. ಕಲ್ಲಿನಿಂದ ಕಾದು ಹೊರಬರುತ್ತಿದೆ.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎನ್ನುವುದು ತರ್ಕಶಾಸ್ತ್ರದ ಹಳೇ ಉದಾಹರಣೆ. ಆದರೆ ಧೂಳಿನ ಮೋಡವನ್ನೇ ಹೊಗೆ ಎಂದುಕೊಂಡರೆ ತರ್ಕ ಎಷ್ಟೇ ನೆಟ್ಟಗಿದ್ದರೂ ಬುಡವೇ ಸಡಿಲ. ಆ ಎಚ್ಚರಿಕೆಯೂ ಅಷ್ಟೇ ಹಳೆಯದು. ಕ್ಯಾಲೆಂಡರ್ ಬಲವಾದ ಸಾಕ್ಷಿ. ಆದರೆ ಅದು ಹಬೆಯನ್ನು ತೋರಿಸುವುದಿಲ್ಲ.

ಸೆಕೆಂಡಿಗೆ ಒಂದೂವರೆ ಲೋಟ

ಹಬೆಯನ್ನೇ ನೇರವಾಗಿ ನೋಡಬಾರದೇಕೆ? ಕಷ್ಟ ಇಷ್ಟೇ. ನೀರಿನ ಆವಿ ತನ್ನ ಗುರುತು ಬಿಡುವುದು ಅವಗೆಂಪು ಬೆಳಕಿನಲ್ಲಿ, 2.7 ಮೈಕ್ರಾನಿನ ಆಸುಪಾಸು. (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ಬೆಳಕಿನ ಅಲೆಯ ಉದ್ದದ ಅಳತೆ.) ನಮ್ಮ ವಾತಾವರಣದ ತುಂಬ ನೀರಿನ ಆವಿ. ಅದು ಅದೇ ಬೆಳಕನ್ನು ನುಂಗಿಬಿಡುತ್ತದೆ. ಕೊಪ್ಪರಿಗೆಯ ಪಕ್ಕ ಹಬೆಯೊಳಗೆ ನಿಂತುಕೊಂಡು ಮುಂದಿನ ಊರಿನ ಆಲೆಮನೆಯಲ್ಲಿ ಹಬೆ ಏಳುತ್ತಿದೆಯೇ ಎಂದು ನೋಡಿದ ಹಾಗೆ. ನೆಲದ ಮೇಲಿನ ದೊಡ್ಡ ದೂರದರ್ಶಕಗಳು ಅಡ್ಡದಾರಿ ಹಿಡಿದವು. ಧೂಮಕೇತುಗಳಲ್ಲಿ ನೀರಿನ ಜೊತೆ ಸಯನೋಜೆನ್ ಎಂಬ ಅಣು ಸ್ವಲ್ಪ ಹೊರಬರುತ್ತದೆ, ಅದು ಕಣ್ಣಿಗೆ ಕಾಣುವ ಬೆಳಕಿನ ಅಂಚಿನಲ್ಲಿ ಚೆನ್ನಾಗಿ ಹೊಳೆಯುತ್ತದೆ. ಪಟ್ಟಿಯ ಧೂಮಕೇತುಗಳಲ್ಲಿ ಅದನ್ನು ಹುಡುಕಿ ಹುಡುಕಿ ಬರಿಗೈಲಿ ವಾಪಸ್ ಬಂದರು.

ಗೋಜಲು ಬಿಡಿಸಿದ್ದು ವಾತಾವರಣದ ಆಚೆ ಇರುವ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ. 2022ರ ಸೆಪ್ಟೆಂಬರಿನಲ್ಲಿ ಅದು 238ಪಿ ರೀಡ್ ಎಂಬ ಕಾಯವನ್ನು ನೋಡಿತು. 2006ರ ಆ ಮೂರರಲ್ಲಿ ಇದೂ ಒಂದು. ನೀರಿನ ಆವಿಯ ಗುರುತು ಸ್ಪಷ್ಟವಾಗಿ ಬಂತು. ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಎಷ್ಟು ನೀರು ಗೊತ್ತೇ? ಸೆಕೆಂಡಿಗೆ ಸುಮಾರು 300 ಗ್ರಾಂ. ನಮ್ಮ ಮನೆ ಲೋಟದಲ್ಲಿ ಒಂದೂವರೆ ಲೋಟ! ಮಾವನ ಕೊಪ್ಪರಿಗೆಯಿಂದ ಏಳುವ ಹಬೆಯ ಜೊತೆ ಹೋಲಿಸಬಹುದಾದಷ್ಟು ಪುಟ್ಟ ಲೆಕ್ಕ, ಕೋಟಿಗಟ್ಟಲೆ ಕಿ.ಮೀ. ದೂರದಿಂದ ಅಳೆದಿದ್ದು. ನನಗೆ ಈ ಸಂಖ್ಯೆ ಓದಿದಾಗ ಆದಷ್ಟು ಬೆರಗು ನೆಬ್ಯುಲಾಗಳ ಬಣ್ಣದ ಚಿತ್ರ ನೋಡಿದಾಗಲೂ ಆಗಿರಲಿಲ್ಲ.

ಸಿಕ್ಕಿದ್ದಕ್ಕಿಂತ ಸಿಗದಿದ್ದೇ ಸ್ವಾರಸ್ಯ. ಮಾಮೂಲಿ ಧೂಮಕೇತುಗಳಲ್ಲಿ ನೀರಿನ ಜೊತೆ ಇಂಗಾಲದ ಡೈಆಕ್ಸೈಡ್ ಚೆನ್ನಾಗಿಯೇ ಇರುತ್ತದೆ. 238ಪಿಯಲ್ಲಿ ಅದರ ಸುಳಿವೇ ಇಲ್ಲ. ಆಮೇಲೆ 358ಪಿ ಎಂಬ ಇನ್ನೊಂದರಲ್ಲೂ ವೆಬ್‌ಗೆ ನೀರು ಸಿಕ್ಕಿತು, ಅಲ್ಲೂ ಇದೇ ಕಥೆ. ಬೆಚ್ಚಗಿನ ಜಾಗದಲ್ಲಿ ಬಹಳ ಕಾಲ ಇದ್ದು ಬೇಗ ಹಾರುವ ಅನಿಲಗಳನ್ನೆಲ್ಲ ಕಳೆದುಕೊಂಡಿರಬಹುದು. ಅಥವಾ ಹುಟ್ಟುವಾಗಲೇ ಅಷ್ಟು ಚಳಿ ಇಲ್ಲದ ಕಡೆ ಹುಟ್ಟಿರಬಹುದು. ಎರಡರಲ್ಲಿ ಯಾವುದಾದರೂ ಇವು ದೂರದಿಂದ ವಲಸೆ ಬಂದ ಮಾಮೂಲಿ ಧೂಮಕೇತುಗಳಲ್ಲ ಎಂಬ ಮಾತಿಗೆ ಬಲ ಬರುತ್ತದೆ.

ಬಣ್ಣ ನಂಬಿ ಕೆಟ್ಟವರು

ಬಾಲ ಇಲ್ಲದ ಕ್ಷುದ್ರಗ್ರಹಗಳಲ್ಲಿ ಐಸ್ ಹುಡುಕುವವರು ಮೇಲ್ಮೈಯ ಬಣ್ಣ ನೋಡುತ್ತಾರೆ. 2010ರಲ್ಲಿ ಎರಡು ತಂಡಗಳು ಹವಾಯಿಯ ಮೌನಾ ಕೀ ಮೇಲಿನ ಅವಗೆಂಪು ದೂರದರ್ಶಕದಲ್ಲಿ ಥೆಮಿಸ್ ಎಂಬ ದೊಡ್ಡ ಕ್ಷುದ್ರಗ್ರಹ ನೋಡಿ, 3.1 ಮೈಕ್ರಾನಿನಲ್ಲಿ ಬೆಳಕು ಕುಗ್ಗಿದೆ, ಇದು ಮೈತುಂಬ ಹರಡಿದ ತೆಳು ಐಸ್ ಎಂದವು. ದೊಡ್ಡ ಸುದ್ದಿಯಾಯಿತು. ಮರು ವರ್ಷವೇ ಇನ್ನೊಂದು ತಂಡ, ಗೀಥೈಟ್ ಎಂಬ ಕಬ್ಬಿಣದ ಖನಿಜವೂ ಅದೇ ಜಾಗದಲ್ಲಿ ಬೆಳಕು ನುಂಗುತ್ತದೆ ಎಂದಿತು. ಅಂದರೆ ತುಕ್ಕಿನ ಸಂಬಂಧಿ! ಪಟ್ಟಿಯ ಅತಿ ದೊಡ್ಡ ಕಾಯವಾದ ಸೀರಿಸ್ ಮೇಲಿನ ಇಂಥದ್ದೇ ಗುರುತನ್ನು ಒಂದು ಕಾಲದಲ್ಲಿ ಐಸ್ ಎಂದಿದ್ದರು. ಡಾನ್ ನೌಕೆ 2015ರಲ್ಲಿ ಹತ್ತಿರ ಹೋಗಿ ನೋಡಿದಾಗ ಅದು ಅಮೋನಿಯಾ ಬೆರೆತ ಜೇಡಿಮಣ್ಣು ಎಂದಾಯಿತು. ಹಾಗಂತ ಸೀರಿಸ್ ಒಣಗಿದ ಲೋಕವೇನಲ್ಲ. ಅದರಿಂದ ಸೆಕೆಂಡಿಗೆ ಸುಮಾರು 6 ಕೆ.ಜಿ. ನೀರಿನ ಆವಿ ಹೊರಬರುವುದನ್ನು ಹರ್ಷೆಲ್ ದೂರದರ್ಶಕದ ತಂಡ 2014ರಲ್ಲೇ ವರದಿ ಮಾಡಿತ್ತು. ಬಣ್ಣದ ಸಾಕ್ಷಿ ತಪ್ಪು, ಆದರೆ ನೀರು ಇದ್ದಿದ್ದು ನಿಜ. ಹೀಗೂ ಆಗುತ್ತದೆ.

2024ರಲ್ಲಿ ಐರಿಸ್ ಮತ್ತು ಮಸಾಲಿಯಾ ಎಂಬ ಎರಡು ಕ್ಷುದ್ರಗ್ರಹಗಳ ಮೇಲೆ ನೀರಿನ ಅಣು ಸಿಕ್ಕಿತು ಎಂಬ ಸುದ್ದಿ ಬಂತು. ವಿಮಾನದಲ್ಲಿ ಕೂರಿಸಿದ್ದ ಸೋಫಿಯಾ ದೂರದರ್ಶಕದ ಹಳೆಯ ದಾಖಲೆಯಿಂದ ತೆಗೆದದ್ದು. ಅದು ಸರಿಯಾದ ಕೆಲಸವೇ. ಆದರೆ ಅಲ್ಲಿ ಕಂಡಿದ್ದು ಐಸ್ ಅಲ್ಲ, ಕಲ್ಲಿಗೆ ಅಂಟಿಕೊಂಡ ಅಣುಗಳು. ಅದನ್ನು ಓದಿ ಒಬ್ಬ ಗೆಳೆಯ 'ಅಲ್ಲಿ ಬೋರ್‌ವೆಲ್ ಹಾಕಬಹುದಾ' ಎಂದು ಕೇಳಿದ್ದ. ತಪ್ಪು ಅವನದಲ್ಲ, ತಲೆಬರಹದ್ದು.

ಇಷ್ಟೆಲ್ಲ ಹುಡುಕಾಟ ಯಾಕೆ ಅಂದರೆ ನಮ್ಮ ಸಮುದ್ರದ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ನೀರಿನಲ್ಲಿ ಮಾಮೂಲಿ ಹೈಡ್ರೋಜನ್ ಜೊತೆ ಭಾರದ ಹೈಡ್ರೋಜನ್ ಒಂದು ಪ್ರಮಾಣದಲ್ಲಿ ಬೆರೆತಿರುತ್ತದೆ. ಅದು ನೀರಿನ ಕುಲಗೋತ್ರ ಇದ್ದಂತೆ. ರೊಸೆಟ್ಟಾ ನೌಕೆ 2014ರಲ್ಲಿ 67ಪಿ ಧೂಮಕೇತುವಿನಲ್ಲಿ ಅಳೆದಾಗ ಆ ಪ್ರಮಾಣ ನಮ್ಮ ಸಮುದ್ರದ್ದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. ಗೋತ್ರ ಕೂಡಲಿಲ್ಲ. ಕ್ಷುದ್ರಗ್ರಹ ಪಟ್ಟಿಯ ಐಸ್ ಹೊಂದಬಹುದೇ? ಅದನ್ನು ಅಳೆಯಲು ಸೆಕೆಂಡಿಗೆ ಒಂದೂವರೆ ಲೋಟದಷ್ಟು ತೆಳು ಆವಿ ದೂರದರ್ಶಕಗಳಿಗೆ ಸಾಲದು. ನೌಕೆಯೇ ಹತ್ತಿರ ಹೋಗಬೇಕು.

ಚೀನಾದ ಟಿಯಾನ್ವೆನ್-2 ನೌಕೆ 2025ರ ಮೇನಲ್ಲಿ ಹೊರಟಿದೆ. ಮೊದಲು ಒಂದು ಪುಟ್ಟ ಕ್ಷುದ್ರಗ್ರಹದಿಂದ ಮಣ್ಣು ತಂದು, ಆಮೇಲೆ 2030ರ ದಶಕದ ನಡುವೆ 311ಪಿ ಎಂಬ ಬಾಲದ ಕ್ಷುದ್ರಗ್ರಹಕ್ಕೆ ಹೋಗುವ ಯೋಜನೆ. 2013ರಲ್ಲಿ ಹಬಲ್ ಕಣ್ಣಿಗೆ ಒಟ್ಟಿಗೇ ಆರು ಬಾಲ ತೋರಿಸಿದ ವಿಚಿತ್ರ ಕಲ್ಲು ಅದು. ನನಗೆ ಇಲ್ಲೊಂದು ಕೊಸರು ಇದೆ. 311ಪಿ ಇರುವುದು ಪಟ್ಟಿಯ ಒಳ ಅಂಚಿನಲ್ಲಿ, ಗಾಲ್ಟ್ ಥರ. ಅದರ ಬಾಲಕ್ಕೂ ತಿರುಗಾಟವೇ ಕಾರಣ ಎಂಬ ಅನುಮಾನವೇ ಜಾಸ್ತಿ. ಇಷ್ಟು ದೂರ ಹೋಗುವವರು 133ಪಿ ಅಥವಾ 238ಪಿ ಕಡೆ ಹೋಗಿದ್ದರೆ ಹಬೆಯನ್ನೇ ಮೂಸಿ ನೋಡಬಹುದಿತ್ತು. ಇಂಧನದ ಲೆಕ್ಕ ಇರುತ್ತದೆ, ಒಪ್ಪೋಣ.

ಅಲ್ಲಿಯವರೆಗೆ ಕೆಲಸ ನೆಲದ ಮೇಲಿನದ್ದೇ. ಚಿಲಿಯಲ್ಲಿ 8.4 ಮೀಟರ್ ಕನ್ನಡಿಯ ರೂಬಿನ್ ವೀಕ್ಷಣಾಲಯ 2025ರ ಜೂನಿನಲ್ಲಿ ಮೊದಲ ಚಿತ್ರಗಳನ್ನು ತೋರಿಸಿತು. ಸುಮಾರು 10 ಗಂಟೆಯ ವೀಕ್ಷಣೆಯಲ್ಲೇ 2,104 ಹೊಸ ಕ್ಷುದ್ರಗ್ರಹ ಸಿಕ್ಕವು. ಅದರ ಹತ್ತು ವರ್ಷದ ಸಮೀಕ್ಷೆಯ ಲಾಭ ಕನ್ನಡಿಯ ಗಾತ್ರದ್ದಲ್ಲ, ಅದೇ ಆಕಾಶವನ್ನು ಮತ್ತೆ ಮತ್ತೆ ನೋಡುವುದರದ್ದು. ಗಾಲ್ಟ್ 2013ರಲ್ಲಿ ಬಿಟ್ಟ ಧೂಳಿನ ಥರ ಆರು ವರ್ಷ ಯಾರ ಕಣ್ಣಿಗೂ ಬೀಳದೆ ಕೂರುವ ಸಾಧ್ಯತೆ ಇನ್ನು ಕಡಿಮೆ.

ಹಳೆಯ ಫೋಟೋ ಕೆದಕುವ ಕೆಲಸಕ್ಕೆ ದೂರದರ್ಶಕವೂ ಬೇಡ. 2021ರಲ್ಲಿ ಝೂನಿವರ್ಸ್ ಜಾಲತಾಣದಲ್ಲಿ 'ಆಕ್ಟಿವ್ ಆಸ್ಟರಾಯ್ಡ್ಸ್' ಎಂಬ ಯೋಜನೆ ಶುರುವಾಯಿತು. ಚಿಲಿಯ ಒಂದು ಕ್ಯಾಮೆರಾದ ಚಿತ್ರಗಳನ್ನು ಜನಸಾಮಾನ್ಯರ ಮುಂದಿಟ್ಟು 'ನಡುವಿನ ಚುಕ್ಕಿಗೆ ಬಾಲ ಇದೆಯೇ' ಎಂದು ಕೇಳಿದರು. ಎಂಟು ಸಾವಿರಕ್ಕೂ ಹೆಚ್ಚು ಜನ ನಾಲ್ಕು ಲಕ್ಷಕ್ಕೂ ಹೆಚ್ಚು ಚಿತ್ರ ನೋಡಿದರು. ಹದಿನೈದರಷ್ಟು ಹೊಸ ಬಾಲಗಳು ಸಿಕ್ಕವು. ನಾನೂ ಒಂದು ಸಂಜೆ ಕೂತಿದ್ದೆ. ನೂರಕ್ಕೂ ಜಾಸ್ತಿ ಚಿತ್ರ ನೋಡಿದೆ. ಎರಡು ಕಡೆ ಬಾಲ ಎಂದು ಒತ್ತಿದೆ. ಎರಡೂ ಹಿಂದಿನ ಗ್ಯಾಲಕ್ಸಿಗಳು ಅಂತ ಆಮೇಲೆ ಅನ್ನಿಸಿತು.

238ಪಿ ಮತ್ತೆ ಸೂರ್ಯನ ಹತ್ತಿರ ಬರುವುದು 2028ರ ಹೊತ್ತಿಗೆ. 2005, 2010, 2016, 2022ರಲ್ಲಿ ಬಾಲ ಬಿಟ್ಟಿದ್ದು ಈ ಸಲವೂ ಬಿಡಬೇಕು. ಮಾವನಿಗೆ ಹೇಳಿದೆ. "ಬುಡ್ತದೆ ಬುಡು" ಎಂದರು, ಚಿಮಣಿ ಕಡೆ ನೋಡುತ್ತಾ. "ಆದ್ರೆ ಹೋದ ಸಲಕ್ಕಿಂತ ಹಬೆ ಕಮ್ಮಿ ಆಯ್ತಾ ಅಂತ ನೋಡ್ರಪ್ಪ. ಕೊಪ್ಪರಿಗೇಲಿ ಎಷ್ಟ್ ಹಾಲು ಉಳಿದದೆ ಅಂತ ಅದ್ರಲ್ಲೇ ಗೊತ್ತಾಯ್ತದೆ."